ಕವಿಯ ಮಾತನ್ನು ಕೈಬಿಟ್ಟು ಹಾಡನ್ನಷ್ಟೇ ಕೇಳಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರ ಸಂಜೆ ಮೈಸೂರಿನಲ್ಲಿ ನಡೆದ ಇಟಾಲಿಯನ್ ಗೀತೆಗಳ ಗಾಯನ ಕಾರ್ಯಕ್ರಮದ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಒಬ್ಬ ಗಾಯಕರು, ಒಬ್ಬ ಪಿಯಾನೊ ವಾದಕರು, ಒಂದೂವರೆ ಗಂಟೆಯ ಹಾಡುಗಾರಿಕೆ. ಇಂಥ ಸಣ್ಣ ಸಭೆಯ ಸುದ್ದಿಗೂ ಜಾಗ ಕೊಟ್ಟಿದ್ದಕ್ಕಾಗಿ ಕೃತಜ್ಞನಾಗಿದ್ದೇನೆ. ಆದರೆ ವರದಿಯ ಕೊನೆಯಲ್ಲಿ ಬಂದ ಒಂದು ಅಭಿಪ್ರಾಯವನ್ನು ಒಪ್ಪುವುದು ನನ್ನಿಂದಾಗಲಿಲ್ಲ. ಸಂಗೀತಕ್ಕೆ ಭಾಷೆಯ ಹಂಗಿಲ್ಲ, ಒಂದು ಪದ ತಿಳಿಯದಿದ್ದರೂ ಕೇಳುಗರಿಗೆ ಏನೂ ಕಡಿಮೆಯಾಗಲಿಲ್ಲ ಎಂದು ವರದಿಗಾರರು ಬರೆದಿದ್ದಾರೆ. ನಾನು ಆ ಸಭೆಯ ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದೆ. ಕಡಿಮೆಯಾದದ್ದು ಏನೆಂಬುದನ್ನು ಕಣ್ಣಾರೆ ಕಂಡಿದ್ದರಿಂದ, ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಸಭಿಕರ ಕೈಗೆ ಕೊಟ್ಟಿದ್ದ ಹಾಳೆಯಲ್ಲಿ ರಾಗ ಕಟ್ಟಿದವರ ಹೆಸರುಗಳಿದ್ದವು: ಬೆಲ್ಲಿನಿ, ರೊಸ್ಸಿನಿ, ಲಿಸ್ಟ್, ತೋಸ್ತಿ, ಪಿಜ್ಜೆತ್ತಿ. ಕವಿಗಳ ಹೆಸರು ಒಂದೂ ಇರಲಿಲ್ಲ. ಕವಿತೆಯ ಸಾಲುಗಳಾಗಲಿ, ಅವುಗಳ ತಾತ್ಪರ್ಯವಾಗಲಿ ಇರಲಿಲ್ಲ. ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ಹೆಸರನ್ನೇ ಹೇಳದೆ ‘ಮೈಸೂರು ಮಲ್ಲಿಗೆ’ಯ ಗೀತೆಗಳ ಸಂಜೆಯೊಂದನ್ನು ಯಾರಾದರೂ ನಡೆಸಿದರೆ ನಾವು ಸುಮ್ಮನೆ ಕೂರುತ್ತೇವೆಯೇ? ಇಟಲಿಯ ಕವಿಗೂ ಅಷ್ಟು ಮರ್ಯಾದೆ ಸಲ್ಲಬೇಕು.

ಈ ಬಗೆಯ ಹಾಡು ಯಾವುದೆಂಬುದನ್ನು ಮೊದಲು ಹೇಳಬೇಕು. ಇದು ಒಪೆರಾ ಅಲ್ಲ. ಒಪೆರಾದಲ್ಲಿ ವೇಷವಿದೆ, ರಂಗವಿದೆ, ಕಥೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಸಾಮಾನ್ಯವಾಗಿ ಕವಿತೆಯೇ ಮೊದಲು ಹುಟ್ಟಿರುತ್ತದೆ. ಎಷ್ಟೋ ಸಲ ಶತಮಾನಗಳ ಹಿಂದೆಯೇ, ಓದುವುದಕ್ಕಾಗಿಯೇ ಬರೆದದ್ದಾಗಿರುತ್ತದೆ. ಆಮೇಲೆ ಒಬ್ಬ ಸಂಗೀತಗಾರ ಅದನ್ನು ಓದಿ, ತಾನು ಓದಿದ ಬಗೆಯನ್ನು ಒಂದು ಕಂಠಕ್ಕೂ ಒಂದು ಪಿಯಾನೊಗೂ ಹಂಚಿ ಬರೆಯುತ್ತಾನೆ. ಇಲ್ಲಿನ ಪಿಯಾನೊವನ್ನು ನಮ್ಮ ಕಚೇರಿಯ ಪಕ್ಕವಾದ್ಯವೆಂದು ತಿಳಿದರೆ ತಪ್ಪಾಗುತ್ತದೆ, ಏಕೆಂದರೆ ಅದು ಗಾಯಕರನ್ನು ಹಿಂಬಾಲಿಸುವುದಕ್ಕಷ್ಟೇ ಇರುವುದಲ್ಲ. ನನಗೆ ಹೊಳೆಯುವ ಹತ್ತಿರದ ಹೋಲಿಕೆ ಗಮಕದ್ದು. ಪಾಂಡವಪುರ ತಾಲ್ಲೂಕಿನ ನಮ್ಮೂರಿನ ದೇವಸ್ಥಾನದ ಜಗಲಿಯಲ್ಲಿ ಕುಮಾರವ್ಯಾಸ ಭಾರತ ನಡೆಯುತ್ತಿದ್ದಾಗ ಒಬ್ಬರು ಷಟ್ಪದಿಯನ್ನು ಪದಚ್ಛೇದ ಮಾಡಿ ರಾಗವಾಗಿ ಓದುತ್ತಿದ್ದರು, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರು. ಈ ಹಾಡುಗಳಲ್ಲಿ ಗಾಯಕರು ಮಾಡುವುದು ವಾಚನ, ಪಿಯಾನೊ ಮಾಡುವುದು ವ್ಯಾಖ್ಯಾನ. ಮೂಲಪದ್ಯವೇ ಗೊತ್ತಿಲ್ಲದವನ ಮುಂದೆ ವ್ಯಾಖ್ಯಾನ ಮಾಡಿ ಏನು ಪ್ರಯೋಜನ?

ಹಂಗೇರಿಯ ಸಂಗೀತಗಾರ ಲಿಸ್ಟ್ ರಾಗ ಕಟ್ಟಿದ, ಇಟಲಿಯ ಕವಿ ಪೆಟ್ರಾರ್ಕನ ಪದ್ಯವನ್ನೇ ತೆಗೆದುಕೊಳ್ಳೋಣ. ಪೆಟ್ರಾರ್ಕನ ಕಾಲ 1304ರಿಂದ 1374. ಅಂದರೆ ಕುಮಾರವ್ಯಾಸನಿಗಿಂತ ಸ್ವಲ್ಪ ಹಿಂದಿನವನು. ಎಂಟು ಸಾಲು, ಆಮೇಲೆ ಆರು ಸಾಲು ಎಂದು ಒಡೆಯುವ ಅವನ ಹದಿನಾಲ್ಕು ಸಾಲಿನ ಬಂಧವನ್ನೇ ನಮ್ಮವರು ಸುನೀತವೆಂದು ಕರೆದು ಕನ್ನಡಕ್ಕೆ ತಂದುಕೊಂಡರು. ಕುವೆಂಪು ಅವರ ‘ಕೃತ್ತಿಕೆ’ಯನ್ನು ಓದಿದವರಿಗೆ ಅದರ ಪರಿಚಯವಿದೆ. ಭಾನುವಾರ ಹಾಡಿದ ಸುನೀತದ ಮೊದಲ ಸಾಲು ಹೀಗಿದೆ: ‘ಪಾಚೆ ನೊನ್ ತ್ರೋವೊ, ಎ ನೊನ್ ಒ ದಾ ಫಾರ್ ಗ್ವೆರ್ರಾ.’ ನನಗೆ ಶಾಂತಿಯಿಲ್ಲ, ಯುದ್ಧ ಮಾಡಲು ಕೈಯಲ್ಲಿ ಏನೂ ಇಲ್ಲ. ಎರಡನೆಯ ಸಾಲು: ‘ಎ ತೇಮೊ, ಎ ಸ್ಪೇರೊ, ಎದ್ ಆರ್ದೊ, ಎ ಸೊನ್ ಉನ್ ಗ್ಯಾಚ್ಚೊ.’ ಹೆದರುತ್ತೇನೆ, ಆಸೆಪಡುತ್ತೇನೆ, ಉರಿಯುತ್ತೇನೆ, ಮಂಜುಗಡ್ಡೆಯಾಗಿದ್ದೇನೆ.

ಈ ಸಾಲನ್ನು ಬೆರಳು ಮಡಿಸಿ ಎಣಿಸಿದರೆ ಹದಿನಾಲ್ಕು ಅಕ್ಷರ ಸಿಗುತ್ತದೆ. ಆದರೆ ಇಟಾಲಿಯನ್ ಕಾವ್ಯದ ಮುಖ್ಯ ಛಂದಸ್ಸಿನಲ್ಲಿ ಸಾಲಿಗೆ ಹನ್ನೊಂದೇ ಅಕ್ಷರ, ಹತ್ತನೆಯದರ ಮೇಲೆ ಒತ್ತು. ಮಿಕ್ಕ ಮೂರು ಎಲ್ಲಿ ಹೋದವು? ಒಂದು ಪದ ಸ್ವರದಲ್ಲಿ ಮುಗಿದು ಮುಂದಿನ ಪದ ಸ್ವರದಲ್ಲೇ ಆರಂಭವಾದರೆ ಎರಡೂ ಸೇರಿ ಒಂದೇ ಅಕ್ಷರವೆಂದು ಲೆಕ್ಕ. ‘ತೇಮೊ’ದ ಒಕಾರ, ಅದರ ಮುಂದಿನ ಎಕಾರ ಒಂದಾಗುತ್ತವೆ, ನಡುವೆ ಅಲ್ಪವಿರಾಮವಿದ್ದರೂ ಒಂದಾಗುತ್ತವೆ. ಈ ಸಾಲಿನಲ್ಲಿ ಹಾಗೆ ಮೂರು ಕಡೆ ಬೆಸುಗೆಯಾಗಿದೆ. ನಮ್ಮ ಲೋಪಸಂಧಿಯ ಹಾಗೆ ಒಂದು ಸ್ವರ ಬಿದ್ದುಹೋಗುವುದಿಲ್ಲ, ಆಗಮಸಂಧಿಯ ಹಾಗೆ ಯಕಾರ ವಕಾರ ಬಂದು ಕೂರುವುದೂ ಇಲ್ಲ. ಎರಡೂ ಸ್ವರ ಉಳಿದು ಒಂದೇ ಅಕ್ಷರದ ಜಾಗದಲ್ಲಿ ನುಡಿಯುತ್ತವೆ. ಭಯ ಮುಗಿಯುವ ಮೊದಲೇ ಆಸೆ ಶುರುವಾಗುತ್ತದೆ, ಆಸೆ ಬಿಡುವ ಮೊದಲೇ ಉರಿ ಹತ್ತುತ್ತದೆ. ಆ ಪ್ರೇಮಿಯ ಮನಸ್ಸಿನ ಸ್ಥಿತಿ ಸಂಧಿಯಲ್ಲೇ ಇದೆ.

ರಾಗ ಕಟ್ಟುವವನ ಕಷ್ಟ ಇಲ್ಲಿಂದ ಶುರುವಾಗುತ್ತದೆ. ಬೆಸೆದ ಎರಡು ಸ್ವರಗಳನ್ನು ಒಂದೇ ಸುರದಲ್ಲಿ ಕೂರಿಸಿದರೆ ಕವಿಯ ಛಂದಸ್ಸು ಉಳಿಯುತ್ತದೆ, ಆದರೆ ‘ಹೆದರುತ್ತೇನೆ’ ಮತ್ತು ‘ಆಸೆಪಡುತ್ತೇನೆ’ ಎಂಬ ಎದುರಾಳಿ ಮಾತುಗಳ ನಡುವೆ ಉಸಿರು ಬಿಡಲು ಎಡೆಯಿರುವುದಿಲ್ಲ. ಬಿಡಿಸಿ ಎರಡು ಸುರ ಕೊಟ್ಟರೆ ಅರ್ಥದ ಎದುರುಬದುರು ಎದ್ದು ಕಾಣುತ್ತದೆ, ಆದರೆ ಸಾಲಿನ ಓಟ ಮುರಿಯುತ್ತದೆ. ಪ್ರತಿ ಸಾಲಿನಲ್ಲೂ ಹೀಗೆ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟದ್ದನ್ನು ಪಿಯಾನೊ ಕೈಯಲ್ಲಿ ಹೇಳಿಸಲು ದಾರಿ ಹುಡುಕಬೇಕು. ಲಿಸ್ಟ್ ಪೆಟ್ರಾರ್ಕನ ಮೂರು ಸುನೀತಗಳನ್ನು ಎತ್ತಿಕೊಂಡದ್ದು ಯೌವನದಲ್ಲಿ. ಹಾಡುಗಳಾಗಿ ಅವು ಅಚ್ಚಾದದ್ದು 1846ರ ಸುಮಾರಿಗೆ. ಅವುಗಳನ್ನೇ ಕಂಠವಿಲ್ಲದೆ ಬರೀ ಪಿಯಾನೊಗೂ ಬರೆದ, ಆ ಪಿಯಾನೊ ರೂಪವನ್ನು ತಿದ್ದಿ 1858ರಲ್ಲಿ ಪ್ರಕಟಿಸಿದ. ಹಾಗಿದ್ದರೆ ಮಾತಿಲ್ಲದೆಯೂ ಹಾಡು ಬದುಕಿತಲ್ಲ ಎಂದು ವರದಿಗಾರರು ಕೇಳಬಹುದು. ಆದರೆ ಲಿಸ್ಟ್ ಅಲ್ಲಿಗೆ ನಿಲ್ಲಲಿಲ್ಲ. ಅದೇ ಮೂರು ಕವಿತೆಗಳಿಗೆ ತಗ್ಗಿನ ಕಂಠಕ್ಕೆ ಒಗ್ಗುವಂತೆ ಮತ್ತೆ ಹೊಸದಾಗಿ ಹಾಡು ಬರೆದ. ಅವು ಪ್ರಕಟವಾದ 1883ರಲ್ಲಿ ಅವನಿಗೆ ಎಪ್ಪತ್ತು ದಾಟಿತ್ತು. ರಾಗ ಸಿದ್ಧವಾಗಿಯೇ ಇದ್ದರೂ ಮಾತಿನ ಹತ್ತಿರಕ್ಕೆ ಅವನು ಯಾಕೆ ವಾಪಸ್ಸು ಹೋದ ಎಂಬುದನ್ನು ವರದಿಗಾರರು ಯೋಚಿಸಬೇಕೆಂದು ವಿನಂತಿ.

ವರದಿಗಾರರ ಮಾತಿಗೆ ಒಂದು ಆಧಾರವಂತೂ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ರೊಸ್ಸಿನಿ ತನ್ನ ಮುಪ್ಪಿನಲ್ಲಿ ಮೆತಸ್ತಾಸಿಯೊ ಎಂಬ ಹದಿನೆಂಟನೆಯ ಶತಮಾನದ ಕವಿಯ ಒಂದೇ ಪುಟ್ಟ ಪದ್ಯಕ್ಕೆ ಹತ್ತಾರು ಸಲ ಬೇರೆ ಬೇರೆ ರಾಗ ಹಾಕಿದ. ‘ನನ್ನ ಕಹಿ ವಿಧಿಯನ್ನು ಮೌನದಲ್ಲೇ ದೂರುತ್ತೇನೆ’ ಎಂದು ಆ ಪದ್ಯ ಶುರುವಾಗುತ್ತದೆ. 1857ರಲ್ಲಿ ಹೆಂಡತಿಗೆ ಉಡುಗೊರೆಯಾಗಿ ಕೊಟ್ಟ ಗುಚ್ಛದ ಆರೂ ಹಾಡುಗಳಿಗೆ ಮಾತು ಅದೊಂದೇ. ಅಲ್ಲಿ ಕವಿತೆ ರಾಗವನ್ನು ನೇತುಹಾಕುವ ಗೂಟವಾಗಿತ್ತೆಂದು ಹೇಳಿದರೆ ನಾನು ವಾದಿಸುವುದಿಲ್ಲ. ಆದರೆ ಅದು ರೊಸ್ಸಿನಿಯ ರೂಢಿ. ಅವನೊಬ್ಬನ ರೂಢಿಯನ್ನು ಉಳಿದವರೆಲ್ಲರ ಮೇಲೆ ಹೊರಿಸಬಾರದು.

ಭಾನುವಾರದ ಕೊನೆಯ ಹಾಡು ನನ್ನನ್ನು ಈ ಪತ್ರ ಬರೆಯುವಂತೆ ಮಾಡಿತು. ಅದು ಗಾಬ್ರಿಯೇಲೆ ದನ್ನುನ್‌ತ್ಸಿಯೊ ಬರೆದ ‘ಕುರುಬರು’ ಎಂಬ ಕವಿತೆ. ಪಾರ್ಮಾ ಊರಿನ ಇಲ್ದೆಬ್ರಾಂದೊ ಪಿಜ್ಜೆತ್ತಿ 1908ರಲ್ಲಿ ಅದಕ್ಕೆ ರಾಗ ಕಟ್ಟಿದರು. ಇಟಲಿಯ ಪೂರ್ವ ಕರಾವಳಿಯ ಅಬ್ರುಝೋ ಸೀಮೆ ಆ ಕವಿಯ ಹುಟ್ಟುನೆಲ. ‘ಸೆತ್ತೆಂಬ್ರೆ, ಅಂದ್ಯಾಮೊ’ ಎಂದು ಹಾಡು ತೊಡಗುತ್ತದೆ: ಸೆಪ್ಟೆಂಬರ್ ಬಂತು, ಹೊರಡೋಣ, ವಲಸೆಯ ಹೊತ್ತಾಯಿತು. ಕುರುಬರು ಬೆಟ್ಟದ ದೊಡ್ಡಿಗಳನ್ನು ಬಿಟ್ಟು ಆಡ್ರಿಯಾಟಿಕ್ ಸಮುದ್ರದ ಕಡೆಗೆ ಇಳಿಯುತ್ತಾರೆ. ದಾರಿಯ ಬಾಯಾರಿಕೆಗೂ ಪರಸ್ಥಳದ ಬೇಸರಕ್ಕೂ ಸಮಾಧಾನವಾಗಲೆಂದು, ಹುಟ್ಟೂರಿನ ನೀರಿನ ರುಚಿ ಎದೆಯಲ್ಲಿ ಉಳಿಯಲೆಂದು, ಬೆಟ್ಟದ ಒರತೆಗಳಲ್ಲಿ ಹೊಟ್ಟೆ ತುಂಬ ಕುಡಿದು ಹೊರಡುತ್ತಾರೆ. ಹೊಸ ಕೋಲು ಕಡಿದುಕೊಳ್ಳುತ್ತಾರೆ. ಹಿರಿಯರ ಹೆಜ್ಜೆಯ ಜಾಡಿನಲ್ಲಿ, ಸದ್ದಿಲ್ಲದೆ ಹರಿಯುವ ಹುಲ್ಲಿನ ಹೊಳೆಯಂಥ ಹಳೆಯ ದಾರಿಯಲ್ಲಿ ನಡೆಯುತ್ತಾರೆ. ಇಪ್ಪತ್ತು ಸಾಲು ಹೀಗೆ ಹೋಗಿ, ಇಪ್ಪತ್ತೊಂದನೆಯ ಸಾಲು ಒಂಟಿಯಾಗಿ ನಿಲ್ಲುತ್ತದೆ: ‘ಅಯ್ಯೋ, ನನ್ನ ಕುರುಬರ ಜೊತೆಯಲ್ಲಿ ನಾನೇಕಿಲ್ಲ?’

ಪಿಜ್ಜೆತ್ತಿ ಮಾಡಿರುವುದನ್ನು ಕೇಳಿದರೆ ಗಮಕಿಗಳಿಗೆ ಸಂತೋಷವಾಗಬೇಕು. ಹಾಡಿನ ಸಾಲು ಓದುವ ಧಾಟಿಯನ್ನು ಬಿಟ್ಟು ದೂರ ಹೋಗುವುದೇ ಇಲ್ಲ; ಅಕ್ಷರಕ್ಕೊಂದು ಸುರ, ಮಾತಿನ ಏರಿಳಿತಕ್ಕೆ ತಕ್ಕ ಏರಿಳಿತ. ಕಂಠದ ಚಮತ್ಕಾರಕ್ಕೆ ಎಲ್ಲೂ ಎಡೆಯಿಲ್ಲ. ನಡೆಯುವ ಕೆಲಸವನ್ನು ಪಿಯಾನೊಗೆ ಬಿಟ್ಟಿದ್ದಾರೆ. ಮಂದೆಯ ನಿಧಾನ ನಡಿಗೆ ಅಲ್ಲಿದೆ. ಕೊನೆಯ ಸಾಲಿನವರೆಗೂ ‘ನಾನು’ ಎಂಬ ಮಾತು ಮರೆಯಲ್ಲೇ ಇರುವುದರಿಂದ, ಅದು ಬಂದಾಗ ಎದೆ ಕಲಕುತ್ತದೆ. ಆದರೆ ಹಿಂದಿನ ಇಪ್ಪತ್ತು ಸಾಲು ಏನು ಹೇಳಿತೆಂದು ತಿಳಿಯದವರಿಗೆ ಅದು ಇನ್ನೊಂದು ದೀರ್ಘ ಸುರ ಮಾತ್ರ.

ನನ್ನ ಪಕ್ಕದಲ್ಲಿ ಮಳವಳ್ಳಿಯ ಕಡೆಯ ಹಿರಿಯರೊಬ್ಬರು ಕುಳಿತಿದ್ದರು. ಚಪ್ಪಾಳೆ ನಿಂತ ಮೇಲೆ, “ಇದೂ ಪ್ರೇಮದ ಹಾಡೇ ಏನ್ ಸಾರ್?” ಎಂದು ಕೇಳಿದರು. ಅಲ್ಲ ಸ್ವಾಮಿ, ಇದು ಕುರಿ ಹೊಡೆದುಕೊಂಡು ಹೋಗುವವರ ಹಾಡು ಎಂದು ನಾಲ್ಕು ಮಾತಿನಲ್ಲಿ ಅರ್ಥ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಯ್ಯೋ, ಮೊದಲೇ ಹೇಳಬಾರದಿತ್ತೇ?” ಎಂದರು. ಆಮೇಲೆ ತಾವು ಹುಡುಗರಾಗಿದ್ದಾಗ ಭತ್ತದ ಕೊಯ್ಲು ಮುಗಿದ ಗದ್ದೆಗಳಿಗೆ ಶಿರಾ ಕಡೆಯಿಂದ ಕುರುಬರು ಬರುತ್ತಿದ್ದದ್ದನ್ನು, ಗೊಬ್ಬರಕ್ಕಾಗಿ ರಾತ್ರಿ ಗದ್ದೆಯಲ್ಲಿ ಮಂದೆ ನಿಲ್ಲಿಸಿ ಅವರಿಗೆ ಭತ್ತ ಅಳೆದುಕೊಡುತ್ತಿದ್ದದ್ದನ್ನು, ಬೆಳಗಿನ ಜಾವ ಅವರು ಎದ್ದು ಹೋದ ಮೇಲೆ ಹೊಲವೆಲ್ಲ ಬಿಕೋ ಎನ್ನುತ್ತಿದ್ದದ್ದನ್ನು ಹೇಳಿದರು. ಈ ಹಾಡನ್ನು ಕೇಳಲು ಮಂಡ್ಯ ಸೀಮೆಯ ಆ ಹಿರಿಯರಿಗಿಂತ ತಕ್ಕ ಕೇಳುಗರು ಆ ಸಭಾಂಗಣದಲ್ಲಿ ಯಾರಿದ್ದರು? ಅವರ ಕಿವಿಗೆ ಬಿದ್ದ ಹಾಡು ಅವರ ಮನಸ್ಸಿಗೆ ಹೋಗದಂತೆ ತಡೆದದ್ದು ಒಂದು ಹಾಳೆ ಕಾಗದದ ಕೊರತೆ. ಏನೂ ಕಡಿಮೆಯಾಗಲಿಲ್ಲ ಎಂದು ಬರೆದಿರುವುದು ಇದೇ ಸಂಜೆಯ ಬಗ್ಗೆ.

ಕನ್ನಡಿಗರಿಗೆ ಇಟಾಲಿಯನ್ ಭಾಷೆ ನಾವು ಅಂದುಕೊಂಡಷ್ಟು ದೂರದ್ದಲ್ಲ ಎಂಬುದನ್ನೂ ಸೇರಿಸಬೇಕು. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು. ಇಟಾಲಿಯನ್ ಕಲಿತದ್ದು ನಿವೃತ್ತಿಯ ನಂತರ, ಎದುರು ಮನೆಯ ಹುಡುಗಿಯ ದೆಸೆಯಿಂದ. ಅವಳು ಪಾಶ್ಚಾತ್ಯ ಗಾಯನ ಕಲಿಯುತ್ತಾಳೆ. ಒಂದು ಸಂಜೆ ಬೆಲ್ಲಿನಿಯ ‘ವಾಗಾ ಲೂನಾ’ ಹಾಡಿನ ಹಾಳೆ ಹಿಡಿದು ಬಂದು, “ತಾತ, ಈ ಸಾಲು ತಾಳಕ್ಕೇ ಕೂರಲ್ಲ, ಎಷ್ಟು ಸಲ ಹಾಡಿದರೂ ತಪ್ಪು ಅಂತಾರೆ” ಎಂದಳು. ‘ಕ್ವೆಸ್ತೆ ರೀವೆ ಎ ಕ್ವೆಸ್ತಿ ಫ್ಯೋರಿ’ ಎಂಬ ಸಾಲು. ಈ ದಡಗಳನ್ನೂ ಈ ಹೂಗಳನ್ನೂ ಎಂದರ್ಥ. ಹಾಡಿಸಿ ಕೇಳಿದೆ. ಅವಳು ‘ರೀವೆ ಯೆ ಕ್ವೆಸ್ತಿ’ ಎನ್ನುತ್ತಿದ್ದಳು. ನಾವು ಎಲೆಯನ್ನು ಯೆಲೆ ಎನ್ನುತ್ತೇವೆ, ಒಲೆಯನ್ನು ವೊಲೆ ಎನ್ನುತ್ತೇವೆ. ಆ ನಾಲಿಗೆಯೇ ಇಲ್ಲೂ ಕೆಲಸ ಮಾಡಿತ್ತು. ಯಕಾರ ನಡುವೆ ಬಂದುಬಿಟ್ಟರೆ ಬೆಸುಗೆ ಕೂಡುವುದಿಲ್ಲ, ಎಂಟು ಅಕ್ಷರದ ಸಾಲು ಒಂಬತ್ತಾಗುತ್ತದೆ, ಎಂಟು ಸುರಕ್ಕೆ ಒಂಬತ್ತು ಅಕ್ಷರವನ್ನು ತುರುಕಬೇಕಾಗುತ್ತದೆ. ಯಕಾರ ಬಿಡಿಸಿ, ಎರಡು ಎಕಾರಗಳನ್ನೂ ಒಂದೇ ಉಸಿರಿನಲ್ಲಿ ಹೇಳಿಸಿದ ಮೇಲೆ ಸಾಲು ತಾನಾಗಿ ತಾಳಕ್ಕೆ ಕೂತಿತು. ತಿಂಗಳುಗಟ್ಟಲೆ ಅವಳು ತಾಳ ತಿದ್ದಿಕೊಳ್ಳುತ್ತಿದ್ದಳು, ತಿದ್ದಬೇಕಾದದ್ದು ಸಂಧಿಯಾಗಿತ್ತು.

ಆ ದೋಷವೊಂದನ್ನು ಬಿಟ್ಟರೆ ನಮಗೆ ಅನುಕೂಲಗಳೇ ಹೆಚ್ಚು. ಇಟಾಲಿಯನ್ನಿನ ತಕಾರ ದಕಾರಗಳು ನಮ್ಮ ತ, ದಗಳಂತೆಯೇ ಹಲ್ಲಿಗೆ ನಾಲಿಗೆ ತಗುಲಿ ಹುಟ್ಟುತ್ತವೆ. ಕ, ತ, ಪಗಳಲ್ಲಿ ಇಂಗ್ಲಿಷಿನವರ ಉಸಿರಿನ ದೂಡುವಿಕೆ ಇಲ್ಲ, ನಮ್ಮ ಅಲ್ಪಪ್ರಾಣಗಳೇ ಸಾಕು. ದ್ವಿತ್ವವಂತೂ ನಮ್ಮ ಮನೆಯ ಮಾತು. ಬಳಿ ಬೇರೆ, ಬಳ್ಳಿ ಬೇರೆ ಎಂಬುದು ನಮ್ಮ ಮಗುವಿಗೂ ಗೊತ್ತು. ಹಾಗೆಯೇ ಅವರಲ್ಲಿ ‘ಪೇನ’ ಎಂದರೆ ನೋವು, ‘ಪೆನ್ನ’ ಎಂದರೆ ಲೇಖನಿ. ಇಷ್ಟಿದ್ದರೂ ನಮ್ಮ ಮಕ್ಕಳು ಇಂಗ್ಲಿಷ್ ಪುಸ್ತಕದ ಮೂಲಕ ಕಲಿತು ‘ನೊತ್ತೆ’ಯನ್ನು ‘ನೋಟೆ’ ಎನ್ನುತ್ತಾರೆ. ರಾತ್ರಿ ಎಂಬ ಆ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ತಕಾರವೂ ಒತ್ತೂ ಕಣ್ಣೆದುರಿಗೇ ಇರುತ್ತವೆ. ಎದುರು ಮನೆಯ ಹುಡುಗಿಗೆ ನಾನು ಈಗ ಎಲ್ಲ ಹಾಡುಗಳನ್ನೂ ಹಾಗೆಯೇ ಬರೆದುಕೊಡುತ್ತೇನೆ, ಬೆಸುಗೆಯಾಗುವ ಸ್ವರಗಳ ಕೆಳಗೆ ಪೆನ್ಸಿಲಿನಲ್ಲಿ ಒಂದು ಕಮಾನು ಎಳೆದು.

ಅರ್ಥ ಹೇಳುವಾಗಲೂ ಕೆಲವು ಸಂಗತಿಗಳು ಕೈಗೆ ಸಿಗುತ್ತವೆ. ‘ವಾಗಾ ಲೂನಾ’ದ ಕವಿ ಯಾರೆಂದು ತಿಳಿದಿಲ್ಲ. ಅಲ್ಲಿ ಪ್ರೇಮಿ ದೂರದಲ್ಲಿರುವ ನಲ್ಲೆಗೆ ಚಂದ್ರನ ಕೈಯಲ್ಲಿ ಸುದ್ದಿ ಕಳಿಸುತ್ತಾನೆ. ಆದರೆ ಇಟಾಲಿಯನ್ನಿನಲ್ಲಿ ಚಂದ್ರ ಸ್ತ್ರೀಲಿಂಗ. ನಮಗೆ ಅವನು ಚಂದಮಾಮ. ಮಾಮನ ಕೈಯಲ್ಲಿ ಪ್ರೇಮದ ಮಾತು ಹೇಳಿಸುವುದೇ ಬೇರೆ, ಸಖಿಯ ಹತ್ತಿರ ಗುಟ್ಟು ಬಿಚ್ಚುವುದೇ ಬೇರೆ. ಇದನ್ನು ತಿಳಿದ ಮೇಲೆ ಆ ಹುಡುಗಿಯ ದನಿಯೇ ತಗ್ಗಿತು. ಯಾರೂ ಹಾಗೆ ಹಾಡೆಂದು ಅವಳಿಗೆ ಹೇಳಿರಲಿಲ್ಲ.

ಇದು ಮೈಸೂರಿಗೆ ಹೊಸ ವಿಷಯವೂ ಅಲ್ಲ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಅವರೇ ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ರಚನೆಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು, ಅವುಗಳಲ್ಲಿ ಮೆಟ್ನರ್ ತಾವೇ ಪಿಯಾನೊ ನುಡಿಸಿದ ಹಾಡುಗಳೂ ಇದ್ದವು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳನ್ನು ಮೊದಲ ಬಾರಿಗೆ ಹಾಡಿದಾಗ ಅದರ ಖರ್ಚಿನ ಭರವಸೆ ಕೊಟ್ಟವರೂ ಅವರೇ. ಅವು ಜರ್ಮನ್ ಕವಿತೆಗಳು, ಜೊತೆಗಿದ್ದದ್ದು ಪಿಯಾನೊ ಅಲ್ಲ, ವಾದ್ಯವೃಂದ. ಆದರೂ ಕವಿತೆಯನ್ನು ಹಾಡಾಗಿಸುವ ಕೆಲಸಕ್ಕೆ ಈ ಊರಿನ ನಂಟು ಹಳೆಯದೆಂದು ನೆನಪಿಸಲು ಇಷ್ಟು ಹೇಳಿದೆ.

ಆದ್ದರಿಂದ ಕಾರ್ಯಕ್ರಮ ನಡೆಸುವವರಲ್ಲಿ ನನ್ನ ಕೋರಿಕೆ ಇದು. ಗಮಕದ ಸಭೆಯಲ್ಲಿ ಮಾಡುವಂತೆ, ಪ್ರತಿ ಹಾಡಿಗೂ ಮೊದಲು ಯಾರಾದರೂ ಒಬ್ಬರು ಎದ್ದು ನಿಂತು ಆ ಕವಿತೆಯ ಅರ್ಥವನ್ನು ತಿಳಿಗನ್ನಡದಲ್ಲಿ ಓದಲಿ. ಒಂದೆರಡು ನಿಮಿಷಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಮೂಲದ ಸಾಲುಗಳನ್ನು ಕನ್ನಡ ಲಿಪಿಯಲ್ಲಿ, ಕವಿಯ ಹೆಸರಿನೊಂದಿಗೆ, ಕೈಹಾಳೆಯಲ್ಲಿ ಅಚ್ಚು ಹಾಕಿಸಲಿ. ಹಾಡುವಾಗ ದೀಪಗಳನ್ನು ಪೂರ್ತಿ ಆರಿಸದೆ, ಹಾಳೆ ಓದುವಷ್ಟು ಬೆಳಕನ್ನು ಉಳಿಸಲಿ. ತಮ್ಮ ಪತ್ರಿಕೆಯೂ ಇಂಥ ಕಾರ್ಯಕ್ರಮಗಳ ಪ್ರಕಟಣೆಯಲ್ಲಿ ರಾಗ ಕಟ್ಟಿದವರ ಹೆಸರಿನ ಪಕ್ಕದಲ್ಲಿ ಕವಿಯ ಹೆಸರನ್ನೂ ಹಾಕುವ ಪದ್ಧತಿ ಇಟ್ಟುಕೊಂಡರೆ ಉಪಕಾರವಾಗುತ್ತದೆ. ಹಾಡುಗಳ ಪಟ್ಟಿ ಹದಿನೈದು ದಿನ ಮೊದಲು ಕೈಸೇರಿದರೆ ಕನ್ನಡ ತಾತ್ಪರ್ಯವನ್ನೂ ಲಿಪ್ಯಂತರವನ್ನೂ ನಾನೇ ಬರೆದುಕೊಡುತ್ತೇನೆ. ಅದಕ್ಕೆ ಸಂಭಾವನೆ ಬೇಡ. ಮಳವಳ್ಳಿಯ ಆ ಹಿರಿಯರಿಗೆ ಮುಂದಿನ ಸಲ ನಾಲ್ಕನೆಯ ಸಾಲಿನಲ್ಲೇ ಒಂದು ಕುರ್ಚಿ ಹಿಡಿದಿಡಿ, ಅಷ್ಟು ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ
ಸರಸ್ವತಿಪುರಂ, ಮೈಸೂರು